ಒದ್ದೆ ಕೈ

ಮಾರ್ಸೇಯ್ ಬಂದರಿನ ಆ ಐಸ್ ಕಾರ್ಖಾನೆಯಲ್ಲಿ ಬೆಳಗಿನ ಮೊದಲ ಕೆಲಸ ಯಂತ್ರ ಚಾಲೂ ಮಾಡುವುದಲ್ಲ, ಕೈ ಕುಲುಕುವುದು. ಯಜಮಾನನಿರಲಿ, ಕಸ ಗುಡಿಸುವವನಿರಲಿ, ಬಂದವನು ಇದ್ದವರೆಲ್ಲರ ಕೈ ಕುಲುಕಬೇಕು. ಒಬ್ಬರನ್ನು ಬಿಟ್ಟರೂ ಮುಖಕ್ಕೆ ಉಗಿದಂತೆ. ಕೈ ಒದ್ದೆಯಾಗಿದ್ದರೆ ಮಾತ್ರ ಮಣಿಕಟ್ಟು ಚಾಚಬಹುದು. ಎದುರಿನವನು ಅದನ್ನೇ ಹಿಡಿದು ಅಲುಗಿಸಬೇಕು.

ಯಜಮಾನ ಬಾತಿಸ್ತಾಂ ರೂಬೋಗೆ ಮುಷ್ಕರದ ದಿನದಿಂದ ಸಿಕ್ಕಿದ್ದು ಬರೀ ಮಣಿಕಟ್ಟುಗಳು. ಅವನ ಕಾರು ಗೇಟಿನೊಳಗೆ ತಿರುಗಿದ್ದೇ ತಡ, ಕೆಲಸಗಾರರು ಉಪ್ಪುನೀರಿನ ತೊಟ್ಟಿಗೆ ಕೈ ಅದ್ದಿ ನಿಲ್ಲುತ್ತಿದ್ದರು.

ಆ ಮುಷ್ಕರ ಮುರಿಯಲು ಬಂದರಿನ ಪುಂಡ ಸಿಲ್ವೇರನ ರೌಡಿಗಳನ್ನು ಕರೆಸಿದವನು ರೂಬೋನೇ. ಕಬ್ಬಿಣದ ಸರಳು ಹಿಡಿದು ಬಂದವರು ಮುದುಕ ಅಮೆದೆಯ ಮೊಣಕಾಲು ಪುಡಿ ಮಾಡಿದರು. ಆಮೇಲೆ ಬಂದ ಪೊಲೀಸರು ಗಲಾಟೆ ಮಾಡಿದವನೆಂದು ಅಮೆದೆಯ ಹೆಸರನ್ನೇ ಬರೆದುಕೊಂಡು ಹೋದರು. ಕೂಲಿ ಏರಲಿಲ್ಲ. ಐಸ್ ಮಾತ್ರ ತಯಾರಾಗುತ್ತಲೇ ಇತ್ತು.

ಆಗ ಸಿಲ್ವೇರ್, "ರೂಬೋ ಸಾಹೇಬ್ರೇ, ನೀವು ನಿಶ್ಚಿಂತೆಯಿಂದಿರಿ" ಎಂದಿದ್ದ. ಈಗ ರೂಬೋನ ಕುರ್ಚಿಯಲ್ಲೇ ಕೂತು, ಆಲಿವ್ ತಿಂದು ಬೀಜವನ್ನು ಅವನ ಕಾಫಿ ಬಟ್ಟಲಿಗೆ ಉಗುಳಿದ.

"ಬಾತಿಸ್ತಾಂ, ನಿನ್ನ ಹಿಂದಿನ ಶೀತಲ ಕೋಣೆ ನಂಗೆ ಬೇಕು. ನನ್ನ ಪೆಟ್ಟಿಗೆಗಳು ಅಲ್ಲಿರ್ತವೆ. ಒಳಗೇನಿದೆ ಅಂತ ನೀನು ಕೇಳಲ್ಲ."

'ನೀನು' ಎಂಬ ಮಾತು ರೂಬೋನ ಕೆನ್ನೆಗೆ ಹೊಡೆದಂತಾಯಿತು.

"ಆಗಲ್ಲ ಅಂದ್ರೆ?"

"ಐಸ್ ಕಾರ್ಖಾನೆಗೆ ಬೆಂಕಿ ಬಿತ್ತಂತೆ ಅಂತ ಊರೆಲ್ಲ ನಗುತ್ತೆ. ನಾಳೆ ಮಧ್ಯಾಹ್ನ ಬರ್ತೀನಿ. ಬೀಗದಕೈ ತೆಗೆದಿಟ್ಟಿರು."

ಪೊಲೀಸರಿಗೆ ಹೇಳೋಣವೆಂದರೆ, ಅಂದು ಕಣ್ಣು ಮುಚ್ಚಿಕೊಳ್ಳಿ ಎಂದವನು ಇಂದು ತೆರೆಯಿರಿ ಎನ್ನುವುದು ಹೇಗೆ? ಸಂಜೆ ರೂಬೋ ಬಂದರಿನ ಬಾರಿನಲ್ಲಿ ಪಾಸ್ತಿಸ್ ಮದ್ಯದ ಗ್ಲಾಸು ಹಿಡಿದು ಕೂತ. ಪಕ್ಕದ ಮೇಜಿನಲ್ಲಿ ಇಸ್ಪೀಟಿಗೆ ಒಬ್ಬ ಕಮ್ಮಿಯಿದ್ದ. ಅವರು ಇವನತ್ತ ನೋಡಿದರು, ಆಮೇಲೆ ಮೂವರೇ ಆಡಿದರು.

ಮರುದಿನ ಅವನು ಯಂತ್ರದ ಹತ್ತಿರ ನಿಂತಿದ್ದ ಝೊಹ್ರಾಳ ಬಳಿ ಹೋದ. ಕಾರ್ಮಿಕ ಸಂಘದ ಮುಖ್ಯಸ್ಥೆ ಅವಳೇ. ನಡೆದದ್ದನ್ನೆಲ್ಲ ಹೇಳಿದ.

"ಓಹೋ, ನಿಮ್ಮ ಗೆಳೆಯರು ಮತ್ತೆ ಬರ್ತಿದಾರಾ?" ಎಂದಳು ಝೊಹ್ರಾ. "ಕೇಳಿದ್ಯಾ ಅಮೆದೆ ತಾತ? ನಿನ್ನ ಇನ್ನೊಂದು ಮೊಣಕಾಲು ನೆನಪಾಯ್ತಂತೆ ಅವರಿಗೆ."

"ಬರಲಿ ಬಿಡಮ್ಮ, ಎರಡೂ ಒಂದೇ ಥರ ಕುಂಟಿದ್ರೆ ನಡಿಗೆ ನೆಟ್ಟಗಾಗುತ್ತೆ," ಎಂದ ಅಮೆದೆ. ಎಲ್ಲರೂ ನಕ್ಕರು. ರೂಬೋಗೂ ನಗು ಬಂತು. ಅವನು ನಗುವಷ್ಟರಲ್ಲಿ ಉಳಿದವರು ನಿಲ್ಲಿಸಿದರು.

"ನಾನೊಬ್ಬನೇ ಆಗಿಬಿಟ್ಟಿದೀನಿ, ಝೊಹ್ರಾ."

"ನಾವೂ ಆವತ್ತು ಗೇಟಿನ ಹತ್ರ ಒಬ್ಬೊಬ್ಬರೇ ಆಗಿದ್ವಿ, ಯಜಮಾನ್ರೇ. ನೀವು ಮಹಡಿ ಕಿಟಕೀಲಿ ನಿಂತಿದ್ರಿ."

ಮಧ್ಯಾಹ್ನ ಸಿಲ್ವೇರನ ವ್ಯಾನು ಬಂದಾಗ ಗೇಟಿಗೆ ಅಡ್ಡಲಾಗಿ ಇಡೀ ಪಾಳಿ ನಿಂತಿತ್ತು. ಐಸ್ ಇಲ್ಲದಿದ್ದರೆ ಹಿಡಿದ ಮೀನು ಕೊಳೆಯುತ್ತದೆಂದು ದೋಣಿಯವರೂ ಬಂದಿದ್ದರು, ಕೈಯಲ್ಲಿ ಹುಟ್ಟು, ಕೊಕ್ಕೆ. ಮುಂದಿನ ಸಾಲಿನಲ್ಲಿ ಅಮೆದೆ, ಊರುಗೋಲಿನ ಸಮೇತ. ರೂಬೋ ಮಹಡಿಯ ಕಿಟಕಿ ಬಿಟ್ಟು ಕೆಳಗಿಳಿದು ಬಂದು ಅವನ ಪಕ್ಕ ನಿಂತ. ಯಾರೂ ಜಾಗ ಬಿಡಲಿಲ್ಲ, ಅವನೇ ತೂರಿಕೊಂಡ.

"ಬೀಗದಕೈ ಎಲ್ಲಿ?" ಎಂದ ಸಿಲ್ವೇರ್.

"ಕೊಡಲ್ಲ," ಎಂದ ರೂಬೋ.

ಸಿಲ್ವೇರ್ ಗುಂಪನ್ನು ಒಮ್ಮೆ ಕಣ್ಣಲ್ಲೇ ಅಳೆದ. ಹಗಲು ಹೊತ್ತು, ಬಂದರೆಲ್ಲ ಸಾಕ್ಷಿ. "ಇವರು ದಿನಾ ಹೀಗೇ ನಿಲ್ತಾರಾ, ಬಾತಿಸ್ತಾಂ?" ಎಂದು ವ್ಯಾನು ತಿರುಗಿಸಿದ.

ರೂಬೋಗೆ ಕಣ್ಣು ತುಂಬಿ ಬಂತು. ಝೊಹ್ರಾಳತ್ತ ಕೈ ಚಾಚಿದ.

"ನಿಂತಿದ್ದು ಕಾರ್ಖಾನೆಗೋಸ್ಕರ," ಎಂದಳು ಅವಳು. "ಅದು ನಮ್ಮ ಅನ್ನ."

ಬಿಸಿಲಿಗೆ ಅವಳ ಕೈ ಪೂರ್ತಿ ಒಣಗಿತ್ತು. ತೊಟ್ಟಿ ದೂರದಲ್ಲಿತ್ತು. ಆದರೂ ಮುಷ್ಟಿ ಬಿಗಿದು, ಮಣಿಕಟ್ಟನ್ನೇ ಮುಂದಿಟ್ಟಳು.

ರೂಬೋ ಅದನ್ನೇ ಹಿಡಿದು ಅಲುಗಿಸಿದ.