ಊಟದ ಬಿಡುವಿನ ರೇಡಿಯೋದಲ್ಲಿ ತಮಟೆ

ಆ ಹೈಸ್ಕೂಲಿನ ರೇಡಿಯೋ ಗಾಳಿಯಲ್ಲಿ ಹಾರುವಂಥದ್ದಲ್ಲ, ತಂತಿ ಹಿಡಿದುಕೊಂಡೇ ಓಡಾಡುವಂಥದ್ದು. ಲ್ಯಾಬಿನ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಒಂದು ಹಳೇ ಆಂಪ್ಲಿಫೈಯರ್, ಒಂದು ಟೇಪ್ ರೆಕಾರ್ಡರ್, ಒಂದು ಮೈಕು. ಅಲ್ಲಿಂದ ಹೊರಟ ವೈರು ಒಂದೊಂದು ಕ್ಲಾಸಿನ ಗೋಡೆಗೂ ತಗುಲಿಹಾಕಿದ್ದ ಸ್ಪೀಕರ್ ಪೆಟ್ಟಿಗೆಗಳನ್ನು ಸುತ್ತಿ, ಕೊನೆಗೆ ಮಾಳಿಗೆ ಹತ್ತಿ, ಗುಂಡ್ಲುಪೇಟೆಯ ರಸ್ತೆ ಕಡೆ ಬಾಯಿ ತೆರೆದುಕೊಂಡಿದ್ದ ಹಾರ್ನಿಗೆ ಸೇರುತ್ತಿತ್ತು. ಹುಡುಗರು ಅದನ್ನು ರೇಡಿಯೋ ಅಂತಲೇ ಕರೆದರು. ಊಟದ ಬಿಡುವಿನಲ್ಲಿ ಹಾಡು ಬರುತ್ತದಲ್ಲ, ಇನ್ನೇನು ಬೇಕು?

ಅದನ್ನು ನಡೆಸುತ್ತಿದ್ದವರು ಹತ್ತನೇ ಕ್ಲಾಸಿನ ಮೂವರು. ಬಸ್‌ಸ್ಟ್ಯಾಂಡ್ ಹತ್ತಿರ ಟೇಪ್ ರಿಪೇರಿ ಅಂಗಡಿ ಇಟ್ಟಿದ್ದ ಅಜ್ಮತ್ ಉಲ್ಲಾನ ಮಗ ಜಾಹಿದ್ ಮಿಷಿನ್ನು ನೋಡಿಕೊಳ್ಳುತ್ತಿದ್ದ. ಆಂಪ್ಲಿಫೈಯರ್ ಅವರಪ್ಪನದೇ. ಶಿವರಂಜಿನಿ ಮೈಕಿನ ಮುಂದೆ ಕೂತರೆ ಮೈಸೂರು ಆಕಾಶವಾಣಿಯ ಅಕ್ಕನ ಹಾಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಹಂಗಳದಿಂದ ಬಸ್ಸಿಗೆ ಬರುತ್ತಿದ್ದ ಮಾದೇಶ ಹಾಡು ಆರಿಸುತ್ತಿದ್ದ. ಕುಣಿಯುವ ಹಾಡು ಬಿಟ್ಟು ಬೇರೆ ಹಾಕಿದರೆ ಎಂಟನೇ ಕ್ಲಾಸಿನ ಹುಡುಗರು ಬಾಗಿಲಿಗೆ ಬಂದು ಬಯ್ಯುತ್ತಿದ್ದರು. ಹಿಂದಿಯದು ಬಂತು, ತಮಿಳಿನದು ಬಂತು, ಕೇರಳದ ಲಾರಿ ಡ್ರೈವರ್‌ಗಳು ಅಂಗಡಿಯಲ್ಲಿ ಬಿಟ್ಟುಹೋದ ಮಲಯಾಳದ ಕ್ಯಾಸೆಟ್ಟೂ ಬಂತು. ಮೇಷ್ಟ್ರುಗಳು ಟಿಫನ್ ಬಾಕ್ಸಿನ ಮೇಲೆ ಬೆರಳಾಡಿಸಿಕೊಂಡು ಕೇಳಿದರು.

ಎಲ್ಲಾ ಊರಿನ ಕುಣಿತವೂ ಆ ಪೆಟ್ಟಿಗೆಗೆ ಬಂದಮೇಲೆ ತನ್ನಪ್ಪನ ತಮಟೆ ಯಾಕೆ ಬರಬಾರದು ಅನ್ನುವುದು ಮಾದೇಶನ ಪ್ರಶ್ನೆ. ಅವನಿಗೆ ಬೇಕಾಗಿದ್ದು ಅದೊಂದೇ: ಅಪ್ಪ ಮಾರಯ್ಯನ ತಂಡದ ತಮಟೆ ಒಂದು ಸಲ, ಮೊದಲಿಂದ ಕೊನೆತನಕ, ಎಲ್ಲಾ ಕ್ಲಾಸಿನಲ್ಲೂ ಕೇಳಿಸಬೇಕು. ಒಂದು ಭಾನುವಾರ ಜಾಹಿದ್ ರೆಕಾರ್ಡರ್ ಹೊತ್ತುಕೊಂಡು ಹಂಗಳಕ್ಕೆ ಹೋದ. ತಂಡದವರು ಹುಲ್ಲಿಗೆ ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸಿ, ಮದುವೆ ಮೆರವಣಿಗೆಯಲ್ಲಿ ಬಾರಿಸುವ ಕುಣಿತದ ಪೆಟ್ಟನ್ನೇ ಬಾರಿಸಿದರು. ಕ್ಯಾಸೆಟ್ಟಿನಲ್ಲಿ ಹುಲ್ಲು ಚಟಚಟ ಅನ್ನುವುದೂ ಬಿದ್ದಿತ್ತು.

ಸೋಮವಾರ ಹಾಕಿದರು. ಹುಡುಗರು ಊಟದ ಡಬ್ಬಿ ಬಿಟ್ಟು ಎದ್ದರು. ಹಿಂದಿನ ಬೆಂಚಿನವರಂತೂ ಅಂಗಿ ಗುಂಡಿ ಬಿಚ್ಚಿಕೊಂಡೇ ಕುಣಿಯಲು ಶುರುಮಾಡಿದರು.

ಆದರೆ ಹಾರ್ನಿನ ಬಾಯಿ ಇದ್ದದ್ದು ರಸ್ತೆಗೆ. ಹಬ್ಬವಿಲ್ಲದ, ಮದುವೆಯಿಲ್ಲದ ದಿನ ತಮಟೆ ಕೇಳಿಸಿದರೆ ಈ ಕಡೆಯ ಜನಕ್ಕೆ ತಲೆಗೆ ಬರುವುದು ಒಂದೇ ವಿಷಯ. ಬೇಕರಿಯವನು ಷಟರ್ ಅರ್ಧಕ್ಕೆ ಎಳೆದ. ಹೂವಿನ ಅಂಗಡಿಯವನು ಸಾಲವೋ ಸೋಲವೋ ಆಮೇಲೆ ನೋಡೋಣ ಅಂತ ಒಂದು ಸೇವಂತಿಗೆ ಹಾರ ಎತ್ತಿಕೊಂಡ. ಅವನ ಹಿಂದೆ ನಾಲ್ಕಾರು ಜನ ಮುಖ ಸಪ್ಪೆ ಮಾಡಿಕೊಂಡು ಗೇಟು ದಾಟಿ ಬಂದರು. ಹೆಡ್ ಮೇಷ್ಟ್ರು ಗುರುಮಲ್ಲಯ್ಯ ಜಗುಲಿಯಲ್ಲಿ ಮಜ್ಜಿಗೆ ಅನ್ನ ಕಲೆಸುತ್ತಿದ್ದರು. ಬಂದವರು ಅವರನ್ನು ನೋಡಿ ಗಕ್ಕನೆ ನಿಂತರು. ಹೂವಿನವನು ಹಾರ ಬೆನ್ನ ಹಿಂದಕ್ಕೆ ಮಾಡಿಕೊಂಡು, "ನೀವೇ ಅಂತ ಅಂದ್ಕೊಂಡ್ಬುಟ್ಟೊ ಸಾ," ಅಂದುಬಿಟ್ಟ.

ಇಡೀ ಸ್ಕೂಲು ನಕ್ಕಿತು. ಗುರುಮಲ್ಲಯ್ಯ ಎಂಜಲು ಕೈಯಲ್ಲೇ ಓಡಿಬಂದು ಪ್ಲಗ್ ಕಿತ್ತರು. ತಮಟೆ ಅರ್ಧಕ್ಕೇ ನಿಂತಿತು.

ಸಾವಿನ ವಾದ್ಯ ಸ್ಕೂಲಿಗೆ ತರುತ್ತೀರಾ ಅಂತ ಅವರು ಕೂಗಾಡಿದರು. ಮಾದೇಶ ಇದು ಸಾವಿನ ಪೆಟ್ಟಲ್ಲ ಸಾರ್, ಕುಣಿಯುವ ಪೆಟ್ಟು, ಎರಡೂ ಬೇರೆ ಬೇರೆ ಅಂತ ಹೇಳಲು ಹೋದ. ಎರಡೂ ಒಂದೇ, ಬಾರಿಸುವವರೂ ಒಂದೇ ಅಂದರು ಅವರು. ನಾಳೆ ಊಟದ ಬಿಡುವಿನಲ್ಲಿ ಅಪ್ಪನನ್ನು ಕರೆತರಬೇಕು, ಅವನ ಎದುರಿಗೆ ಮೈಕಿನಲ್ಲಿ ತಪ್ಪಾಯಿತು ಅನ್ನಬೇಕು, ಇಲ್ಲವಾದರೆ ರೇಡಿಯೋನೂ ಇಲ್ಲ, ಮಾದೇಶನಿಗೆ ಸ್ಕೂಲೂ ಇಲ್ಲ. ಅಷ್ಟು ಹೇಳಿ ಕೈ ತೊಳೆಯಲು ಹೋದರು.

ಮಾದೇಶನ ಹೊಟ್ಟೆ ಉರಿದದ್ದು ಬಯ್ಗುಳಕ್ಕಲ್ಲ. ಆ ವರ್ಷ ಆಗಸ್ಟಿನಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಹೊಸ ಜಿಲ್ಲೆಯಾಯಿತಲ್ಲ, ಆ ಖುಷಿಗೆ ಮೇಷ್ಟ್ರುಗಳೆಲ್ಲ ಲಾರಿ ಮಾಡಿಕೊಂಡು ಅಲ್ಲಿಗೆ ಮೆರವಣಿಗೆ ಹೋಗಿದ್ದರು. ಮುಂದೆ ಬಾರಿಸಿದ್ದು ಯಾರು? ಇದೇ ಮಾರಯ್ಯನ ತಂಡ. ಈ ಪೆಟ್ಟನ್ನೇ. ಟವೆಲ್ಲು ಬೀಸಿಕೊಂಡು, ಪಂಚೆ ಎತ್ತಿ ಕಟ್ಟಿಕೊಂಡು ಕುಣಿದದ್ದು ಯಾರು? ಇದೇ ಗುರುಮಲ್ಲಯ್ಯ. ಮಾದೇಶ ಅಪ್ಪನ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದ. ರಸ್ತೆಯಲ್ಲಿ ಬಾರಿಸಿದರೆ ಇವರ ಕಾಲು ತಾನಾಗೇ ಏಳುತ್ತದೆ, ಗೋಡೆಯ ಒಳಗೆ ಬಾರಿಸಿದರೆ ಹೆಣ ಏಳುತ್ತದೆ. ಕಿವಿ ಒಂದೇ ಜೊತೆ ಇಟ್ಟುಕೊಂಡು ಮನುಷ್ಯ ಎರಡು ಥರ ಕೇಳುವುದು ಎಲ್ಲಿ ಕಲಿಯುತ್ತಾನೆ? ಅದಕ್ಕೂ ಬಿ.ಎಡ್. ಇದೆಯಾ?

ಸಂಜೆ ಮನೆಯಲ್ಲಿ ಹೇಳಿದಾಗ ಮಾರಯ್ಯ ಬೀಡಿ ಹಚ್ಚಿಕೊಂಡ, ಕೋಪ ಮಾಡಲಿಲ್ಲ. "ತಪ್ಪಾಯ್ತು ಅಂದ್ಬುಡ್ಲಾ. ಬಾಯ್ ಮಾತು ತಾನೆ. ಎಸ್ಸೆಸ್ಸೆಲ್ಸಿ ಮುಗುಸ್ಕೊ ಮೊದ್ಲು," ಅಂದ. ಅಪ್ಪ ಇಷ್ಟು ಸಲೀಸಾಗಿ ಹೇಳಿದ್ದು ಮಾದೇಶನಿಗೆ ಹೆಡ್ ಮೇಷ್ಟ್ರ ಕೂಗಾಟಕ್ಕಿಂತ ಹೆಚ್ಚು ಚುಚ್ಚಿತು. ಅವನು ಉಣ್ಣದೆ ಎದ್ದ.

ಮಾರನೇ ದಿನ ಮಾರಯ್ಯ ಬಿಳೀ ಅಂಗಿ ಹಾಕಿಕೊಂಡು ಬಂದ. ಜಗುಲಿಯಲ್ಲಿ ಮೂರು ಕುರ್ಚಿ ಖಾಲಿ ಬಿದ್ದಿದ್ದವು. ಯಾರೂ ಕೂರು ಅನ್ನಲಿಲ್ಲ. ಚಪ್ಪಲಿ ಬಿಟ್ಟು ಅಂಗಳದ ಹೊಂಗೆ ಮರದ ಕೆಳಗೆ ನಿಂತುಕೊಂಡ. ಹೆಡ್ ಮೇಷ್ಟ್ರು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

ಕೋಣೆಯೊಳಗೆ ಮಾದೇಶ ಮೈಕ್ ಮುಟ್ಟದೆ ಮಿಕ್ಕ ಇಬ್ಬರ ಮುಖ ನೋಡಿದ. ತಾನು ತಪ್ಪಾಯಿತು ಅನ್ನದಿದ್ದರೆ ಅವರ ರೇಡಿಯೋನೂ ಹೋಗುತ್ತದೆ. ಅದನ್ನೇ ಹೇಳಿದ.

ಜಾಹಿದ್ ಆಗಲೇ ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ ಇಟ್ಟಿದ್ದ. "ಇವತ್ತು ಇದು ಬ್ಯಾಡ ಅಂದೋರು ನಾಳೆ ಖವಾಲಿನೂ ಬ್ಯಾಡ ಅಂತಾರೆ ಕಣ್ಲಾ. ನೀನ್ ಮಾತಾಡು, ನಾನ್ ಒತ್ತುತೀನಿ."

ಶಿವರಂಜಿನಿ ಎದ್ದುಹೋಗಿ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದಳು. ಕಿಟಕಿಗೆ ಸರಳಿತ್ತು. "ಬಾಗ್ಲು ಗಟ್ಟಿ ಐತೆ. ಪೂರ್ತಿ ಆಗೋವರ್ಗೂ ತಡೀತದೆ," ಅಂದಳು. ಮೈಕಿನ ಗುಂಡಿ ಒತ್ತಿದಾಗ ಮಾತ್ರ ಅವಳ ದನಿ ಮತ್ತೆ ಆಕಾಶವಾಣಿಯದಾಯಿತು: ಕೇಳುಗರೇ, ಈಗ ಮಾದೇಶ ಅವರು ಮಾತನಾಡುತ್ತಾರೆ.

ಮಾದೇಶ ಮೈಕಿನ ಹತ್ತಿರಕ್ಕೆ ಬಗ್ಗಿದ. "ಗುಂಡ್ಲುಪೇಟೆಯವರೇ, ನಮ್ಮ ಸ್ಕೂಲಲ್ಲಿ ಯಾರೂ ಸತ್ತಿಲ್ಲ. ಅಂಗಡಿ ಮುಚ್ಚಬೇಡಿ. ಇದು ಕುಣಿಯೋ ತಮಟೆ. ಜಿಲ್ಲೆ ಆದಾಗ ಚಾಮರಾಜನಗರದಲ್ಲಿ ನಮ್ಮ ಹೆಡ್ ಮೇಷ್ಟ್ರು ಕುಣಿದಿದ್ದು ಇದಕ್ಕೇನೆ. ಬಾರಿಸಿರೋರು ಹಂಗಳದ ಮಾರಯ್ಯ, ಅವರ ತಂಡ. ನಿನ್ನೆ ಅರ್ಧ ಕೇಳಿದ್ರಿ. ಇವತ್ತು ಪೂರ್ತಿ ಕೇಳಿ."

ಜಾಹಿದ್ ಒತ್ತಿದ.

ಗುರುಮಲ್ಲಯ್ಯ ಬಂದು ಬಾಗಿಲು ಬಡಿದರು. ಪೀಟಿ ಮೇಷ್ಟ್ರೂ ಸೇರಿಕೊಂಡು ಬಡಿದರು. ಒಳಗಿನ ಪೆಟ್ಟಿನ ಮುಂದೆ ಹೊರಗಿನ ಬಡಿತ ತಾಳ ತಪ್ಪಿದ ಹಾಗೆ ಕೇಳಿಸುತ್ತಿತ್ತು. ಮಾದೇಶ ಕಿಟಕಿಯಿಂದ ನೋಡಿದ. ಮರದ ಕೆಳಗೆ ಕೈ ಕಟ್ಟಿ ನಿಂತಿದ್ದ ಅಪ್ಪ ಕೈ ಬಿಟ್ಟಿದ್ದ. ತನ್ನ ತಮಟೆಯನ್ನು ದೂರ ನಿಂತು ಅವನು ಯಾವತ್ತೂ ಕೇಳಿದವನಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು, ಯಾರದೋ ಬಾರಿಸುವಿಕೆಯಲ್ಲಿ ತಪ್ಪು ಹುಡುಕುವವನ ಹಾಗೆ ಕೇಳುತ್ತಿದ್ದ.

ಕೊನೆಯ ಪೆಟ್ಟು ಬಿದ್ದು ಟೇಪು ಬರೀ ಗಾಳಿ ಸುತ್ತಲು ಶುರುಮಾಡಿದ ಮೇಲೆ ಮಾದೇಶನೇ ಚಿಲಕ ತೆಗೆದ. ಮೈಕಿನಲ್ಲಿ ತಪ್ಪಾಯಿತು ಅನ್ನುತ್ತೀಯೋ ಇಲ್ಲವೋ ಅಂತ ಹೆಡ್ ಮೇಷ್ಟ್ರು ಏದುಸಿರು ಬಿಡುತ್ತಾ ಕೇಳಿದರು.

"ಅನ್ನಲ್ಲ ಸಾರ್."

ಹಾಗಾದರೆ ಟಿ.ಸಿ. ತಗೊಂಡು ಹೋಗು, ಈ ದರಿದ್ರದ ಮಿಷಿನ್ನೂ ಎತ್ತಿಕೊಂಡು ಹೋಗಿ ಅಂದರು. ಆಮೇಲೆ ಅಂಗಳಕ್ಕೆ ತಿರುಗಿ ಮಾರಯ್ಯನನ್ನು ಕೇಳಿದರು: "ನೋಡ್ದೇನಯ್ಯ ನಿನ್ನ ಮಗನ್ನ?"

"ನೋಡ್ದೆ ಸಾ," ಅಂದ ಮಾರಯ್ಯ. "ಮಧ್ಯ ಒಂದ್ಕಡೆ ನಮ್ ತಂಡದ ಲಿಂಗಯ್ಯ ಆತುರ ಬಿದ್ಬುಟ್ಟವ್ನೆ. ಮಿಕ್ಕಿದ್ದೆಲ್ಲ ಸರ್ಯಾಗದೆ."

ಜಾಹಿದ್, ಮಾದೇಶ ಆಂಪ್ಲಿಫೈಯರ್ ಎತ್ತಿಕೊಂಡರು. ಶಿವರಂಜಿನಿ ಮೈಕಿನ ವೈರನ್ನು ಸುತ್ತಿ ಸುತ್ತಿ ಮೊಣಕೈಗೆ ಹಾಕಿಕೊಂಡಳು. ಮಾರಯ್ಯ ಚಪ್ಪಲಿ ಮೆಟ್ಟಿಕೊಂಡು ಬಂದು ಭಾರದ ಕಡೆಗೆ ಕೈ ಕೊಟ್ಟ. ಗೇಟಿನ ಹತ್ತಿರ ಹೋಗಿರಬೇಕು, ಹಿಂದಿನಿಂದ ಗುರುಮಲ್ಲಯ್ಯ ಕರೆದರು. ಏನೂ ನಡೆದೇ ಇಲ್ಲವೇನೋ ಅನ್ನುವ ದನಿಯಲ್ಲಿ, ಮುಂದಿನ ತಿಂಗಳು ಸ್ಕೂಲಿಗೆ ಮಂತ್ರಿಗಳು ಬರುತ್ತಾರೆ, ಗೇಟಿನ ಹೊರಗೆ ನಿಮ್ಮ ತಮಟೆ ಇರಬೇಕು, ಬೇರೆ ಕಡೆ ಒಪ್ಪಿಕೊಂಡುಬಿಟ್ಟೀಯ ಅಂದರು.

ಮಾದೇಶ ತಿರುಗಿ ಏನೋ ಕೂಗಲು ಬಾಯಿ ತೆರೆದ. ಅಪ್ಪ ಮೊದಲು ಮಾತಾಡಿದ.

"ಒಳಗ್ ಕರುದ್ರೆ ಬತ್ತೀವಿ ಸಾ. ಹೊರಗ್ ನಿಂತ್ಕೊಂಡು ಬಾರ್ಸಕ್ಕೆ ಬೇರೆಯವ್ರ ನೋಡ್ಕಳಿ."