ಗುಡ್ಡದ ಬಡಾವಣೆಯ ನೀರು

“ನೀರು ಸಾಲಲ್ಲ!” ಉಣ್ಣೆಗುಡಾರದ ಒಳಗೆ ಹೆಣ ತೊಳೆಯುತ್ತಿದ್ದವರು ಕೂಗಿದರು. “ಇನ್ನೂ ಅರ್ಧ ಮೈ ಬಾಕಿ ಇದೆ, ಅಕ್ಮಾತ್!”

ಗುಡಾರದ ಬಾಗಿಲಲ್ಲಿ ಕೋಲೂರಿ ನಿಂತು, ವಾಡಿಕೆಯಂತೆ ಬಂದವರಿಗೆಲ್ಲ ಕೇಳುವ ಹಾಗೆ ಸತ್ತ ತಮ್ಮನನ್ನು ಕರೆದು ಕರೆದು ಅಳುತ್ತಿದ್ದ ಅಕ್ಮಾತ್ ಅಳು ನಿಲ್ಲಿಸಿದ. ಅಂಗಳದ ಡ್ರಮ್ಮುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಬಂದವರ ಚಹಾಕ್ಕೆ, ಮಾಂಸದ ಹಂಡೆಗೆ ಎಲ್ಲ ಮುಗಿದಿತ್ತು. ಟ್ಯಾಂಕರಿನವನು ಫೋನ್ ಎತ್ತುತ್ತಿರಲಿಲ್ಲ.

ಬೇಲಿಯಾಚೆ ನಿಂತಿದ್ದ ಓಣಿಯ ಗಂಡಸರಲ್ಲಿ ಯಾರೋ ಮೆಲ್ಲಗೆ ಅಂದರು: “ನೀರು ಕೊಡಬೇಡಿ ಅಂತ ಸಭೇಲಿ ಕೈ ಎತ್ತಿದವನಿಗೆ ಈಗ ನೀರು ಬೇಕಂತೆ.”

ಯಾರೂ ನಗಲಿಲ್ಲ. ಯಾರೂ ಕದಲಲೂ ಇಲ್ಲ.

ಸತ್ತವನು ನಗರಸಭೆಯ ಸದಸ್ಯ ಎಸೆನ್‌ಕುಲ್. ನಗರದ ನಡುವಿನ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ ಅವನ ಮನೆ. ಆದರೆ ಸತ್ತ ಕಿರ್ಗಿಜ್ ಗಂಡಸು ಮಹಡಿಯಿಂದ ಮಣ್ಣಿಗೆ ಹೊರಡುವಂತಿಲ್ಲ, ನೆಲದ ಮೇಲಿನ ಗುಡಾರದಿಂದಲೇ ಹೊರಡಬೇಕು. ಆ ಕಟ್ಟಡದ ಮುಂದೆ ಗುಡಾರ ಹಾಕಲು ಜಾಗವೇ ಉಳಿದಿರಲಿಲ್ಲ. ಹೆಂಡತಿ ಬುರುಲ್, ಗಂಡನ ಜತೆ ಮಾತು ಬಿಟ್ಟಿದ್ದ ಭಾವನಿಗೇ ಫೋನ್ ಮಾಡಬೇಕಾಯಿತು. “ಕರ್ಕೊಂಡು ಬಾ,” ಎಂದಷ್ಟೇ ಹೇಳಿ ಅಕ್ಮಾತ್ ಫೋನ್ ಇಟ್ಟಿದ್ದ.

*

ಮೂರು ವರ್ಷದ ಹಿಂದೆ, ಊರಾಚೆ ಗುಡ್ಡದ ಬುಡದ ಇದೇ ಓಣಿಗೆ ಎಸೆನ್‌ಕುಲ್ ಒಬ್ಬನೇ ಬಂದಿದ್ದ. ನೀರಿನ ಪೈಪು ಬಂದೇ ಬರುತ್ತದೆಂದು ನಂಬಿ ಜನ ಆಗಲೇ ಅದನ್ನು ಹೂಳಲು ಕಾಲುವೆ ತೋಡಿಟ್ಟಿದ್ದರು. ಆ ಮಣ್ಣಿನ ಗುಡ್ಡೆಯನ್ನೇ ಹತ್ತಿ ಅವನು ನಿಂತ.

“ಪೈಪು ಬರಲ್ಲ. ಬೇಡ ಅಂತ ನಾನೂ ಕೈ ಎತ್ತಿದೀನಿ. ಬೇರೆಯವರು ಹೇಳೋದಕ್ಕಿಂತ ನಾನೇ ಹೇಳೋಣ ಅಂತ ಬಂದೆ.”

ಗದ್ದಲ ಇಳಿಯುವವರೆಗೆ ಕಾದ.

“ಇಲ್ಲಿಗೆ ಎಳೆದ್ರೆ ನಾಳೆ ಆ ಗುಡ್ಡದಲ್ಲೂ ಮನೆ ಏಳ್ತವೆ. ಅಲ್ಲಿಗೂ ಪೈಪು, ರಸ್ತೆ, ಸ್ಕೂಲು. ಊರೊಳಗಿನ ಪೈಪೇ ತುಕ್ಕು ಹಿಡಿದು ಸೋರ್ತಿದೆ, ಅದಕ್ಕೇ ದುಡ್ಡಿಲ್ಲ. ಗೋಧಿ ಬೆಳೆಯೋ ನೆಲಾನೆಲ್ಲ ತಿಂದ್ಕೊಂಡು ಈ ಊರು ಎಲ್ಲಿಗೆ ಹೋಗಿ ನಿಲ್ಲುತ್ತೆ? ಊರೊಳಗೇ ಮನೆ ಕಟ್ಟಿಸ್ತೀನಿ, ಬನ್ನಿ. ಮೊದಲು ನನ್ನ ಬಾಗಿಲ ಮುಂದೇನೇ ಕಟ್ಟಿಸ್ತೀನಿ.”

“ಕುದುರೇನ ಯಾವ ಮಹಡೀಲಿ ಕಟ್ಲಪ್ಪಾ?” ಎಂದ ಓಣಿಯ ಮುಖಂಡ ದೋಲೋತ್.

ಜನ ನಕ್ಕರು. ಎಸೆನ್‌ಕುಲನೂ ನಕ್ಕ. ಆ ನಗು ನೋಡಿಯೇ ಯಾರಿಗೋ ರೇಗಿತು. ಎಸೆದ ಹೆಂಟೆ ಅವನ ಹಣೆಗೆ ತಾಗಿತು. ಅಕ್ಮಾತ್ ಗುಂಪಿನಲ್ಲೇ ಇದ್ದ. ಅವನ ಹೆಂಡತಿ ಹಿಂದಿನ ಚಳಿಗಾಲದಲ್ಲಿ ನೀರು ಹೊತ್ತು ತರುವಾಗ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ತಮ್ಮ ಹಣೆ ಒರೆಸಿಕೊಂಡು ತನ್ನತ್ತ ನೋಡಿದಾಗ ಅಕ್ಮಾತ್ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡ.

ಎಸೆನ್‌ಕುಲನ ಬಾಗಿಲ ಮುಂದೆ ಮನೆಗಳೇನೋ ಎದ್ದವು. ಬಿಸಿಲೂ ಗಾಳಿಯೂ ಹೋಯಿತೆಂದು ನೆರೆಯವರು ಅವನಿಗೆ ಬೆನ್ನು ತಿರುಗಿಸಿದರು. ಮನೆಗಳು ಮಾತ್ರ ಗುಡ್ಡದವರಿಗೆ ಸಿಗಲಿಲ್ಲ; ದೊಡ್ಡವರ ಅಳಿಯಂದಿರಿಗೆ, ಭಾವಮೈದುನರಿಗೆ ಹಂಚಿಹೋದವು.

*

ಅಕ್ಮಾತ್ ಬಕೆಟ್ ಹಿಡಿದು ದೋಲೋತನ ಅಂಗಳಕ್ಕೆ ಹೋದ. ಅಲ್ಲಿ ನೆಲದಡಿಯ ತೊಟ್ಟಿಯಿತ್ತು. ದೋಲೋತ್ ಅದರ ಮುಚ್ಚಳದ ಮೇಲೇ ಕೂತಿದ್ದ.

“ಹೆಣಕ್ಕೆ ಕೇಳ್ತಿದೀನಿ, ದೋಲೋತ್.”

“ನಾನು ಕೊಡಲ್ಲ ಅಂದೆನಾ? ಒಂದು ಮಾತು ಕೇಳ್ಬೇಕು. ನಿನ್ನ ಹತ್ರ ಅಲ್ಲ.”

ಬುರುಲ್ ಹಿಂದೆಯೇ ಬಂದಿದ್ದಳು. ಅಳುತ್ತ ಒಳಗೆ ಕೂತಿರಬೇಕಾದ ವಿಧವೆ ಬೀದಿಗೆ ಬಂದದ್ದು ಕಂಡು ಗಂಡಸರು ತಲೆ ತಗ್ಗಿಸಿದರು.

“ಕೇಳಿ,” ಎಂದಳು.

“ನಿಜ ಹೇಳು ತಂಗೀ. ನಿನ್ನ ಗಂಡ ಕೊನೆಗಾದ್ರೂ ತಪ್ಪು ಮಾಡ್ದೆ ಅಂದ್ನಾ?”

ಅಕ್ಮಾತ್ ಅವಳನ್ನೇ ನೋಡಿದ. ಹೂಂ ಅಂದುಬಿಡು, ಒಂದು ಮಾತು, ಹೋದವನಿಗೇನೂ ಕೇಳಿಸುವುದಿಲ್ಲ ಎಂದು ಅವನ ಕಣ್ಣು ಬೇಡುತ್ತಿತ್ತು.

“ಇಲ್ಲ,” ಎಂದಳು ಬುರುಲ್. “ಇನ್ನೊಂದ್ಸಲ ಕೇಳಿದ್ರೂ ಹಾಗೇ ಕೈ ಎತ್ತೋರು.” ಕಪ್ಪು ಸ್ಕಾರ್ಫಿನ ಅಂಚಿನಿಂದ ಬಾಯಿ ಒರೆಸಿಕೊಂಡಳು. “ಆ ಹೊಸ ಮನೆಗಳಿಗೆ ಜನ ಸಾಮಾನು ತರೋವಾಗ ಮಾತ್ರ ಕಿಟಕಿ ಹತ್ರ ನಿಂತಿರೋರು. ಗುಡ್ಡದವರ ಮುಖ ಒಂದಾದ್ರೂ ಕಾಣುತ್ತಾ ಅಂತ. ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ.”

ದೋಲೋತ್ ಎದ್ದು ಮುಚ್ಚಳ ಸರಿಸಿದ. “ಸುಳ್ಳು ಹೇಳಿದ್ರೂ ಕೊಡ್ತಿದ್ದೆ,” ಎಂದು ಗೊಣಗಿ, ಅಕ್ಮಾತನ ಕೈಯಿಂದ ಬಕೆಟ್ ಕಿತ್ತುಕೊಂಡು ತಾನೇ ಮುಳುಗಿಸಿದ.

ಪ್ರಾರ್ಥನೆಗೆ ಓಣಿಯವರೂ ಸಾಲಿನಲ್ಲಿ ನಿಂತರು. ಮುಲ್ಲಾ ಎಂದಿನಂತೆ ಕೇಳಿದ: “ಇವನು ಎಂಥ ಮನುಷ್ಯನಾಗಿದ್ದ?”

ಒಳ್ಳೆಯವನು ಎಂದು ಎಲ್ಲರೂ ಒಟ್ಟಿಗೆ ಹೇಳುವ ವಾಡಿಕೆ. ಯಾರ ಬಾಯಿಂದಲೂ ಮಾತು ಹೊರಡಲಿಲ್ಲ.

“ಹಟಮಾರಿ,” ಎಂದ ದೋಲೋತ್. ಮುಲ್ಲಾ ತಿರುಗಿ ನೋಡಿದ. “ಒಳ್ಳೆಯವನು,” ಎಂದ ದೋಲೋತ್, ಇನ್ನೂ ಗಟ್ಟಿಯಾಗಿ. ಆಗ ಉಳಿದವರೂ ದನಿಗೂಡಿಸಿದರು.

ಖಬರಸ್ತಾನ ಗುಡ್ಡದ ಮೇಲಿತ್ತು. ಓಣಿಯ ಕೊನೆಯ ಮನೆ ದಾಟಿದ್ದೇ, ದಾರಿಗೆ ಅಡ್ಡಲಾಗಿ ಮೊಣಕಾಲೆತ್ತರಕ್ಕೆ ದಾರ ಬಿಗಿದಿತ್ತು. ನೆಲ ಗುರುತು ಮಾಡಿದ ಗೂಟಗಳು ಹೊಸವು. ಒಂದು ಮನೆ, ಒಂದು ಅಂಗಳದಷ್ಟು ನೆಲ; ಅದರಾಚೆ ಇನ್ನೊಂದು, ಮತ್ತೊಂದು, ಗೋರಿಗಲ್ಲುಗಳವರೆಗೂ. ಹೆಣ ಹೊತ್ತವರು ನಿಂತರು.

“ಕಿತ್ತು ಹಾಕ್ಲಾ?” ಎಂದ ಅಕ್ಮಾತ್.

“ಬೇಡ. ಯಾರದೋ ಮನೆ.”

ದೋಲೋತ್ ಬೂಟುಗಾಲಿನಿಂದ ದಾರವನ್ನು ನೆಲಕ್ಕೆ ಅದುಮಿ ಹಿಡಿದ. ಹೊತ್ತವರು ಒಬ್ಬೊಬ್ಬರಾಗಿ ದಾಟಿದರು. ಕೊನೆಯವನೂ ದಾಟಿದ ಮೇಲೆ ಅವನು ಕಾಲು ತೆಗೆದ. ದಾರ ಮಿಡಿದು ಮೇಲೆದ್ದು, ಮೊದಲಿನಂತೆ ಬಿಗಿದು ನಿಂತಿತು.