ಅರ್ಧ ಕುರ್ಚಿ

ಕೊನೆಯ ಕುರ್ಚಿಯನ್ನು ಸಾಲಿಗೆ ತಳ್ಳಿದ ಮಗಳು ಗಾಡಿಯೊಳಗೆ ಇಣುಕಿದಳು. ಗಾಡಿ ಖಾಲಿ.

"ಎಂಬತ್ತೇ ಇದೆ. ತನ್ನ ಕೊನೇ ದರ್ಶನಕ್ಕೆ ಅಂತ ಅಪ್ಪ ಬರೆದಿಟ್ಟು ಹೋಗಿದ್ದು ನೂರ ಅರವತ್ತಲ್ವಾ ಚಿಕ್ಕಪ್ಪ?"

"ಬರೆದಿದ್ದ. ನಾನೇ ಅರ್ಧ ಮಾಡಿಸ್ದೆ," ಅಂದರು ಚಿಕ್ಕಪ್ಪ. "ಸ್ಕೂಲ್ ಮಕ್ಕಳನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದಾನೆ ಕಣೇ. ಇಂಥಾ ಜಾಗಕ್ಕೆ ಮಕ್ಕಳು ಯಾಕೆ ಬರ್ತವೆ?"

ಮಗಳಿಗೆ ಮೈ ಉರಿಯಿತು. ಜೀವ ಹೋದ ಮೇಲೂ ಅಪ್ಪನ ಲೆಕ್ಕವನ್ನು ಅರ್ಧ ಮಾಡಲು ಒಬ್ಬರು ಹುಟ್ಟಿಕೊಂಡರಲ್ಲ. ಅಪ್ಪನಂತೂ ಸಭಾಂಗಣದ ನಡುವೆ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದ.

ಮೂವತ್ತೊಂದು ವರ್ಷ ಅವನು ಶಿಕ್ಷಣ ಕಚೇರಿಯಲ್ಲಿ ಗುಮಾಸ್ತ. ಮುಂದೆ ಯಾವ ಶಾಲೆಗೆ ಎಷ್ಟು ಮಕ್ಕಳು ಬರುತ್ತಾರೆ, ಎಷ್ಟು ಕೋಣೆ ಬೇಕು ಎಂದು ಬರೆದುಕೊಡುವುದು ಅವನ ಕೆಲಸ. ಅದನ್ನು ಹೊಡೆದುಹಾಕಿ ಅರ್ಧ ಬರೆಯುವುದು ಸಾಹೇಬರ ಕೆಲಸ. ಅಪ್ಪನ ಕೊನೆಯ ಫೈಲು ಈಗಲೂ ಸಾಹೇಬರ ಮೇಜಿನ ಮೇಲಿತ್ತು. ಮಗಳು ಪಾಠ ಮಾಡುವ ಶಾಲೆಗೆ ಇನ್ನೂ ಎಂಟು ಕೋಣೆ ಬೇಕು ಎಂದು ಅದರಲ್ಲಿ ಬರೆದಿದ್ದ. ಅವಳ ಒಂದೇ ಕೋಣೆಯಲ್ಲಿ ಎಪ್ಪತ್ತೊಂದು ಮಕ್ಕಳು.

*

ಅವಳು ಚಿಕ್ಕವಳಿದ್ದಾಗ ಭಾನುವಾರ ಬಂತೆಂದರೆ ಅಪ್ಪ ಅವಳ ಕೈಹಿಡಿದು ಬೀದಿ ಬೀದಿ ಸುತ್ತುತ್ತಿದ್ದ. ಮನೆಮನೆಯ ಹಗ್ಗದ ಮೇಲೆ ಒಣಗುವ ಮಕ್ಕಳ ಬಟ್ಟೆ ಎಣಿಸುವುದಕ್ಕೆ.

"ಜನಗಣತಿ ಕೈಗೆ ಬರೋ ಹೊತ್ತಿಗೆ ಮಗುಗೆ ಮೀಸೆ ಬಂದಿರುತ್ತೆ. ಹಗ್ಗ ನೋಡು, ಇವತ್ತಿಂದು ಇವತ್ತೇ ಹೇಳುತ್ತೆ."

ಒಬ್ಬಾಕೆ ಮಹಡಿಯಿಂದಲೇ ಗದರಿದ್ದಳು: "ಏನ್ರೀ, ನಮ್ಮ ಬಟ್ಟೆ ಮೇಲೆ ಕಣ್ಣು?"

"ನಿಮ್ಮ ಮಗುಗೆ ಬೆಂಚು ಬೇಡ್ವೇನಮ್ಮ?" ಅಂದಿದ್ದ ಅಪ್ಪ.

ಅವನ ಲೆಕ್ಕ ಹೆಚ್ಚೆಂದರೆ ನಾಲ್ಕೈದು ಮಕ್ಕಳಷ್ಟು ಆಚೀಚೆ ಆಗುತ್ತಿತ್ತು. ಸಾಹೇಬರು ಮಾತ್ರ "ಚಡ್ಡಿ ಎಣಿಸಿ ಶಾಲೆ ಕಟ್ಟೋಕಾಗುತ್ತೇನ್ರೀ" ಎಂದು ನಕ್ಕು, ಅರ್ಧ ಮಾಡಿ ಸಹಿ ಹಾಕುತ್ತಿದ್ದರು. ಸೀಟು ಸಿಗದ ಮಕ್ಕಳ ಮನೆಗೆ ಪ್ರತಿ ವರ್ಷವೂ ಅಪ್ಪನೇ ಹೋಗಿ ತಪ್ಪಾಯಿತು ಎಂದು ಹೇಳಿ ಬರುತ್ತಿದ್ದ.

ಟೀಚರಾದ ವರ್ಷ ಮಗಳು ಕೇಳಿದ್ದಳು: "ಅರ್ಧ ಮಾಡ್ತಾರೆ ಅಂತ ಗೊತ್ತಲ್ಲಪ್ಪ, ನೀನು ಎರಡರಷ್ಟು ಬರೀಬಾರ್ದಾ?"

"ನಾನೂ ಸುಳ್ಳು ಬರೆದ್ರೆ, ನಿಜವಾದ ಲೆಕ್ಕ ಯಾರ ಹತ್ರ ಉಳಿಯುತ್ತೆ?"

ಅವತ್ತು ಅವಳು ಸಿಟ್ಟಿನಿಂದ ಊಟ ಬಿಟ್ಟು ಎದ್ದಿದ್ದಳು. ಅಪ್ಪನ ಲೆಕ್ಕ ಚೊಕ್ಕಟವಾಗಿ ಉಳಿಯಿತು, ಅವಳ ಮಕ್ಕಳು ಅರ್ಧ ಬೆಂಚಿನ ಮೇಲೆ, ನೆಲದ ಮೇಲೆ ಉಳಿದರು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

*

ಒಂಬತ್ತಕ್ಕೆ ಮಕ್ಕಳು ಬಂದರು, ಎಪ್ಪತ್ತೊಂದೂ. ಕುರ್ಚಿ ಸಾಲದು ಎಂದು ಒಂದೇ ನೋಟಕ್ಕೆ ತಿಳಿದುಕೊಂಡು, ಯಾರೂ ಹೇಳದೆಯೇ ಎರಡು ಕುರ್ಚಿಗೆ ಮೂವರಂತೆ ಕೂತರು. ಆಮೇಲೆ ಅಪ್ಪ ಬಟ್ಟೆ ಎಣಿಸಿದ ಬೀದಿಗಳ ತಾಯಂದಿರು, ತಂದೆಯರು, ಕಚೇರಿಯವರು. ಹತ್ತರ ಹೊತ್ತಿಗೆ ಸಭಾಂಗಣ ತುಂಬಿ, ಜನ ಬಾಗಿಲಾಚೆಗೂ ನಿಂತರು. ಚಿಕ್ಕಪ್ಪ ಗೋಡೆ ನೋಡುತ್ತಾ ಮೂಲೆ ಹಿಡಿದರು.

ಸಾಹೇಬರು ತಡವಾಗಿ ಬಂದು ಹೂವಿಟ್ಟು, ಮಗಳ ಬಳಿ ದನಿ ತಗ್ಗಿಸಿದರು.

"ಆ ಫೈಲು ನೆನಪಿದೆಯಮ್ಮ. ಅವರ ನೆನಪಿಗೆ ಅಂತ ನಾಲ್ಕು ಕೋಣೆ ಹಾಕಿದ್ದೀನಿ. ನಾಳೆ ಸಹಿ ಮಾಡ್ತೀನಿ."

"ಅಪ್ಪ ಎಂಟು ಬರೆದಿದ್ರು ಸರ್."

"ಅದು ಅಂದಾಜಲ್ವೇನಮ್ಮ." ಅವರು ಕೂರಲು ಸುತ್ತ ನೋಡಿದರು. "ಇಷ್ಟು ಜನ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಮಗಳು ಬ್ಯಾಗಿನಿಂದ ಅಪ್ಪನ ಚೀಟಿ ತೆಗೆದು ಅವರ ಕೈಗಿಟ್ಟಳು. ನಡುಗುವ ಅಕ್ಷರದಲ್ಲಿ ಬರೆದಿತ್ತು: ಮಗಳ ಕ್ಲಾಸು 71. ಉಳಿದವರು 89. ಒಟ್ಟು ಕುರ್ಚಿ 160.

ಸಾಹೇಬರು ಚೀಟಿ ಓದಿ, ತುಂಬಿದ ಸಾಲುಗಳತ್ತ ಕಣ್ಣು ಹಾಯಿಸಿದರು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಪಕ್ಕದವಳನ್ನು ಒತ್ತಿ ಸರಿದು, ಕುರ್ಚಿಯ ಅರ್ಧ ಬಿಟ್ಟುಕೊಟ್ಟಳು.

"ಬನ್ನಿ ಸರ್, ಜಾಗ ಇದೆ."

ಅವರು ಕೂತರು. ಒಂದು ತೊಡೆ ಹೊರಗೇ ಉಳಿಯಿತು.

"ಒಂದು ಕಾಲು ಗಟ್ಟಿಯಾಗಿ ಊರ್ಕೊಳಿ ಸರ್, ಬೀಳಲ್ಲ," ಎಂದು ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು.

ಸಾಹೇಬರು ಕಾಲೂರಿ, ಚೀಟಿ ಹಿಡಿದ ಕೈಯಿಂದಲೇ ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡರು.